“ಮೈಯಾಗ ತಾಕತ್ತೇ ಇಲ್ರಿ ಸರ್” – ಒಂದು ಸುಸ್ತಿನ ಇತಿಹಾಸ



ಇತಿಹಾಸ ಎಂದರೆ ರಾಜರು, ಯುದ್ಧಗಳು, ಇಸವಿಗಳು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಒಂದು ರೋಗಕ್ಕೂ ಇತಿಹಾಸ ಇರುತ್ತದೆ. ಅದು ಗೊತ್ತಿಲ್ಲದ ಶಿಕ್ಷಕ ಒಂದು ಮಗುವಿಗೆ ಅನ್ಯಾಯ ಮಾಡಿಬಿಡಬಹುದು ಎಂಬುದು ನನಗೆ ತಡವಾಗಿ ತಿಳಿಯಿತು. ಇವತ್ತು ಅದನ್ನೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಆರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಾರಾಯಣಖೇಡ ಕಡೆಯವನು, ಕುರಿ ಸಾಕುವ ಮನೆಯವನು. ಹೆಸರು ಬೇಡ. ಮಧ್ಯಾಹ್ನ ಊಟವಾದ ಮೇಲೆ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದ. ಕೇಳಿದರೆ, “ಸರ್, ಮೈಯಾಗ ತಾಕತ್ತೇ ಇಲ್ರಿ. ಸಂಜೀಕಡೆ ಜ್ವರ ಬರ್ಲತಾವ್ರಿ. ರಾತ್ರಿ ಬೆವರಿಗಿ ಅಂಗಿ ಎಲ್ಲ ತೊಯ್ತದ್ರಿ” ಎನ್ನುತ್ತಿದ್ದ. ಬೆಳಿಗ್ಗೆ ಮುಟ್ಟಿ ನೋಡಿದರೆ ಮೈ ತಣ್ಣಗೆ. ನಾನು ನಂಬಲಿಲ್ಲ. ‘ಮೈಗಳ್ಳ’ ಎಂದು ಬೈದೆ. ಒಂದು ದಿನ ಎಲ್ಲರ ಮುಂದೆ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಅಳಲಿಲ್ಲ, ಗೋಡೆ ಹಿಡಿದುಕೊಂಡು ನಿಂತಿದ್ದ.

ಮನೆಯವರು ಎರಡು ಸಲ ಟೈಫಾಯ್ಡ್ ಎಂದು ಔಷಧಿ ಕೊಡಿಸಿದರು. ಜ್ವರ ಹೋಯಿತು, ಮತ್ತೆ ಬಂತು. ಐದು ತಿಂಗಳ ಮೇಲೆ ಗಡಿಯಾಚೆಯ ಊರಿನ ಒಬ್ಬ ಡಾಕ್ಟರು ಅವನ ತಂದೆಗೆ ಒಂದೇ ಪ್ರಶ್ನೆ ಕೇಳಿದರಂತೆ: “ಮನ್ಯಾಗ ಆಡು, ಕುರಿ ಅವ ಏನು? ಈ ವರ್ಷ ಯಾವುದರ ಕಂದು ಹಾಕ್ಯಾದೇನು?” ಹೌದು, ಎರಡು ಆಡು ಕಂದು ಹಾಕಿದ್ದವು. ಸತ್ತ ಮರಿಗಳನ್ನು ಬರಿಗೈಯಲ್ಲಿ ಎತ್ತಿ ಹೊಲದ ಬದುವಿಗೆ ಹಾಕಿ ಬಂದವನು ಇದೇ ಹುಡುಗ. ರಕ್ತ ಪರೀಕ್ಷೆಯಾಯಿತು. ರೋಗದ ಹೆಸರು ಬ್ರೂಸೆಲ್ಲೋಸಿಸ್.

ಆ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮನಸ್ಸು ಚುಚ್ಚುತ್ತಿತ್ತು. ಸಿಕ್ಕಿದ್ದನ್ನೆಲ್ಲ ಓದಲು ಕುಳಿತೆ.

ಮಾಲ್ಟಾ ದ್ವೀಪದ ಆಡುಗಳು

ಮೆಡಿಟರೇನಿಯನ್ ಸಮುದ್ರದಲ್ಲಿ ಮಾಲ್ಟಾ ಎಂಬ ಸಣ್ಣ ದ್ವೀಪವಿದೆ. 19ನೇ ಶತಮಾನದಲ್ಲಿ ಅಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಒಂದು ವಿಚಿತ್ರ ಜ್ವರ ಬರುತ್ತಿತ್ತು. ಅಲೆಯಂತೆ ಏರುವುದು, ಇಳಿಯುವುದು, ಮತ್ತೆ ಏರುವುದು. ತಿಂಗಳುಗಟ್ಟಲೆ ಹಾಸಿಗೆ, ಕೀಲುನೋವು, ಬೆವರು, ನಿಶ್ಶಕ್ತಿ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದರು. ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದು ಇನ್ನೂ 18 ವರ್ಷ ತಿಳಿಯಲಿಲ್ಲ.

1905ರಲ್ಲಿ ಮಾಲ್ಟಾದವರೇ ಆದ ವೈದ್ಯ ಥೆಮಿಸ್ಟೋಕ್ಲೆಸ್ ಝಮ್ಮಿಟ್ ಉತ್ತರ ಕಂಡುಹಿಡಿದರು. ಅಲ್ಲಿ ಆಡುಗಳನ್ನು ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು ಅಲ್ಲೇ ಹಾಲು ಕರೆದು ಕೊಡುವ ಪದ್ಧತಿ ಇತ್ತು. ನೋಡಲು ಆರೋಗ್ಯವಾಗಿದ್ದ ಆಡುಗಳಲ್ಲೇ ರೋಗಾಣು ಇತ್ತು, ಹಾಲಿನಲ್ಲೂ ಇತ್ತು. 1906ರಲ್ಲಿ ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದರು. ಅವರಲ್ಲಿ ಜ್ವರ ಬಹಳ ಬೇಗ ಇಳಿದುಹೋಯಿತು.

ಇತ್ತ ಡೆನ್ಮಾರ್ಕ್ ದೇಶದ ಪಶುವೈದ್ಯ ಬರ್ನ್‌ಹಾರ್ಡ್ ಬ್ಯಾಂಗ್, ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ಇನ್ನೊಂದು ರೋಗಾಣುವನ್ನು 1897ರಲ್ಲಿ ವಿವರಿಸಿದ್ದರು. ಮಾಲ್ಟಾದ ಆಡಿನ ರೋಗಕ್ಕೂ ಹಸುವಿನ ಈ ರೋಗಕ್ಕೂ ಸಂಬಂಧವಿದೆ ಎಂದು ಯಾರೂ ಯೋಚಿಸಲಿಲ್ಲ.

ಹಳ್ಳಿ ಶಾಲೆಯ ಟೀಚರ್ ವಿಜ್ಞಾನಿಯಾದದ್ದು

ಆ ಸಂಬಂಧ ತೋರಿಸಿದವರು ಆಲಿಸ್ ಇವಾನ್ಸ್. 1881ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ರೈತ ಮನೆಯಲ್ಲಿ ಹುಟ್ಟಿದರು. ಮೊದಲ ನಾಲ್ಕು ವರ್ಷ ಅವರು ನನ್ನ ಹಾಗೆ ಪ್ರಾಥಮಿಕ ಶಾಲೆಯ ಟೀಚರ್! ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಬೇರೆ ದಾರಿ ಕಡಿಮೆ. ಹಳ್ಳಿ ಶಾಲೆಯ ಶಿಕ್ಷಕರಿಗೆಂದು ಕಾರ್ನೆಲ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಉಚಿತ ಕೋರ್ಸಿಗೆ ಹೋದವರು ಅಲ್ಲಿಯೇ ವಿಜ್ಞಾನ ಓದಿ 1909ರಲ್ಲಿ ಪದವಿ ಪಡೆದರು. ಮರುವರ್ಷ ಸ್ನಾತಕೋತ್ತರ ಪದವಿ. ಪಿಎಚ್‌.ಡಿ. ಮಾಡಲಿಲ್ಲ.

ಸರ್ಕಾರಿ ಹೈನುಗಾರಿಕೆ ವಿಭಾಗದಲ್ಲಿ ಹಾಲಿನ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸುತ್ತಿದ್ದಾಗ, ಬ್ರೂಸ್ ಕಂಡ ರೋಗಾಣುವೂ ಬ್ಯಾಂಗ್ ಕಂಡ ರೋಗಾಣುವೂ ಹತ್ತಿರದ ಸಂಬಂಧಿಗಳು ಎಂದು ಅವರಿಗೆ ತಿಳಿಯಿತು. ಹಾಗಾದರೆ ಹಸುವಿನ ಹಸಿ ಹಾಲಿನಿಂದಲೂ ಮನುಷ್ಯರಿಗೆ ರೋಗ ಬರಬಹುದಲ್ಲ? 1917ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಹೇಳಿದರು, 1918ರಲ್ಲಿ ಪ್ರಕಟಿಸಿದರು. ಹಾಲು ಕಾಯಿಸದೆ ಕುಡಿಯಬಾರದು ಎಂದರು.

ಯಾರು ನಂಬುತ್ತಾರೆ? ಹಾಲಿನ ವ್ಯಾಪಾರಿಗಳು ಸಿಟ್ಟಾದರು. ಆ ಕಾಲದ ದೊಡ್ಡ ವಿಜ್ಞಾನಿ ಥಿಯೋಬಾಲ್ಡ್ ಸ್ಮಿತ್ ಒಪ್ಪಲಿಲ್ಲ. ಹೆಣ್ಣುಮಗಳು, ಮೇಲೆ ಪಿಎಚ್‌.ಡಿ. ಕೂಡ ಇಲ್ಲ ಎಂಬ ಭಾವನೆಯೂ ಇತ್ತು. ಆದರೆ 1920ರ ನಂತರ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಅವರ ಮಾತೇ ನಿಜವಾಗುತ್ತ ಹೋಯಿತು. 1928ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕೆ ಅವರೇ ಮೊದಲ ಮಹಿಳಾ ಅಧ್ಯಕ್ಷರಾದರು. 1930ರ ದಶಕದಲ್ಲಿ ಅಲ್ಲಿ ಹಾಲಿನ ಪಾಶ್ಚರೀಕರಣ ವ್ಯಾಪಕವಾಯಿತು.

ರೋಗ ಅವರನ್ನೇ ಹಿಡಿಯಿತು

ಈ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ ಭಾಗ ಇದು. 1922ರಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಲೇ ಆಲಿಸ್ ಇವಾನ್ಸ್ ಅವರಿಗೆ ಅದೇ ಸೋಂಕು ತಗುಲಿತು. ಜ್ವರ, ಬೆವರು, ನೋವು, ಏಳಲಾಗದ ಸುಸ್ತು. ಸ್ವಲ್ಪ ದಿನ ಗುಣ, ಮತ್ತೆ ಹಾಸಿಗೆ. ಹೀಗೆ ಸುಮಾರು ಎರಡು ದಶಕ ನಡೆಯಿತು. ಆಗ ಇದಕ್ಕೆ ಆ್ಯಂಟಿಬಯಾಟಿಕ್ ಔಷಧಿಯೂ ಇರಲಿಲ್ಲ.

ಪರೀಕ್ಷೆ ಮಾಡಿದ ವೈದ್ಯರು ಏನೂ ಸಿಗದೆ ‘ನ್ಯೂರಾಸ್ತೇನಿಯಾ’ ಎಂದರು. ನರಗಳ ದೌರ್ಬಲ್ಯ ಎಂದು ಹೆಸರು, ಎಲ್ಲ ಮನಸ್ಸಿನದೇ ಎಂದು ಅರ್ಥ. ಆ ರೋಗಾಣುವಿನ ಬಗ್ಗೆ ಜಗತ್ತಿಗೇ ಪಾಠ ಹೇಳಿದವರಿಗೆ ಈ ಮಾತು! ಮುಂದೆ ಬೇರೆ ಕಾರಣಕ್ಕೆ ಶಸ್ತ್ರಚಿಕಿತ್ಸೆಯಾದಾಗ ಅವರ ದೇಹದೊಳಗಿಂದಲೇ ಬ್ರೂಸೆಲ್ಲಾ ಸಿಕ್ಕಿತು. ಆಮೇಲೆ ಅವರು ದೀರ್ಘಕಾಲದ ಬ್ರೂಸೆಲ್ಲೋಸಿಸ್ ಬಗ್ಗೆಯೇ ಬರೆದರು. ನಿವೃತ್ತಿಯಾದದ್ದು 1945ರಲ್ಲಿ, ತೀರಿಕೊಂಡದ್ದು 1975ರಲ್ಲಿ.

ಈ ರೋಗಾಣು ಯಾಕೆ ಇಷ್ಟು ದಿನ ಕಾಡುತ್ತದೆ? ನಮ್ಮ ರಕ್ತದಲ್ಲಿ ರೋಗಾಣುಗಳನ್ನು ನುಂಗಿ ಕೊಲ್ಲುವ ಕಣಗಳಿವೆ. ಬ್ರೂಸೆಲ್ಲಾ ಆ ಕಣದೊಳಗೇ ಹೊಕ್ಕು ಬದುಕುತ್ತದೆ. ಕಳ್ಳ ಹೋಗಿ ಪೊಲೀಸ್ ಠಾಣೆಯಲ್ಲೇ ಅಡಗಿ ಕುಳಿತ ಹಾಗೆ! ಯಕೃತ್ತು, ಗುಲ್ಮ, ಮೂಳೆಯ ಮಜ್ಜೆ, ಬೆನ್ನುಮೂಳೆ ಎಲ್ಲ ಕಡೆ ಹೋಗಿ ಸೇರುತ್ತದೆ. ಆದ್ದರಿಂದಲೇ ಒಂದು ವಾರದ ಗುಳಿಗೆಗೆ ಜಗ್ಗುವುದಿಲ್ಲ. ಸಾಮಾನ್ಯವಾಗಿ ಎರಡು ಬಗೆಯ ಔಷಧಿಯನ್ನು ಸೇರಿಸಿ ಆರು ವಾರ ಕೊಡುತ್ತಾರೆ. ನಡುವೆ ಬಿಟ್ಟರೆ ಮರುಕಳಿಸುತ್ತದೆ. ಚಿಕಿತ್ಸೆಯಾದ ಮೇಲೂ ಕೆಲವರಿಗೆ ಸುಸ್ತು ಉಳಿಯುತ್ತದೆ. ಅದು ದೇಹದ್ದೋ ಮನಸ್ಸಿನದೋ ಎಂದು 1950ರ ದಶಕದಲ್ಲೇ ವೈದ್ಯರು ವಾದಿಸಿದ್ದರು. 2020ರ ಕೋವಿಡ್ ನಂತರ ಲಕ್ಷಾಂತರ ಜನರಿಗೆ ಹೀಗೆ ಸುಸ್ತು ಉಳಿದಾಗ ಅದೇ ಪ್ರಶ್ನೆ ಮತ್ತೆ ಎದ್ದಿತು.

ನಮ್ಮ ಬಿಜಾಪುರದಲ್ಲಿ ನಡೆದ ಕೆಲಸ

ಇದೆಲ್ಲ ದೂರದ ದೇಶದ ಕಥೆ ಎನ್ನಬೇಡಿ. ತಾಂಡೂರಿನಿಂದ ಗುಲ್ಬರ್ಗಾ, ಅಲ್ಲಿಂದ ಮುಂದೆ ಬಿಜಾಪುರ, ಅಂದರೆ ಈಗಿನ ವಿಜಯಪುರ. ಅಲ್ಲಿಯ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಡಾ. ಬಿ. ಜಿ. ಮಂತೂರ ಮತ್ತು ಅವರ ಸಂಗಡಿಗರು ವರ್ಷಾನುಗಟ್ಟಲೆ ಈ ರೋಗದ ಬೆನ್ನು ಹತ್ತಿದರು. ಜ್ವರ, ಕೀಲುನೋವು ಎಂದು ಬಂದವರ ರಕ್ತವನ್ನು ಬ್ರೂಸೆಲ್ಲಾಗಾಗಿಯೂ ಪರೀಕ್ಷಿಸುತ್ತ ಹೋದರು. 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 93 ಮಕ್ಕಳಿದ್ದರು. 2006ರಲ್ಲಿ 16 ವರ್ಷಗಳ ಅನುಭವ ಸೇರಿಸಿ ಬರೆದ ಲೇಖನದಲ್ಲಿ 495 ಮಂದಿ ವಯಸ್ಕರಿದ್ದರು. ಅಲ್ಲಿ ಮುಖ್ಯವಾಗಿ ಸಿಕ್ಕಿದ್ದು ಬ್ರೂಸ್ ಮಾಲ್ಟಾದಲ್ಲಿ ಕಂಡ ಆಡು-ಕುರಿಯ ಜಾತಿಯ ರೋಗಾಣುವೇ.

ಈ ರೋಗಾಣುವನ್ನು ರಕ್ತದಿಂದ ಬೆಳೆಸುವುದು ನಿಧಾನದ ಕೆಲಸ. ರಕ್ತಕಣಗಳನ್ನು ಒಡೆದು, ಯಂತ್ರದಲ್ಲಿ ತಿರುಗಿಸಿ, ಒಳಗೆ ಅಡಗಿದ್ದನ್ನು ಹೊರತೆಗೆದು ಬೆಳೆಸುವ ವಿಧಾನ ಹಳೆಯ ಪದ್ಧತಿಗಿಂತ ಬೇಗ ಫಲ ಕೊಡುತ್ತದೆ ಎಂದೂ ಅವರು 2004ರಲ್ಲಿ ತೋರಿಸಿದರು.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟೇ. ಹುಡುಕಿದವರಿಗೆ ಈ ರೋಗ ಸಿಕ್ಕಿತು. ಹುಡುಕದ ಕಡೆ ಅದು ಟೈಫಾಯ್ಡ್, ಮಲೇರಿಯಾ, ಕ್ಷಯ, ವಾಯು ಅಥವಾ ಮೈಗಳ್ಳತನ ಎಂಬ ಹೆಸರಿನಲ್ಲಿ ಉಳಿದುಬಿಡುತ್ತದೆ.

ನಮ್ಮ ಮೂರು ತಾಲೂಕುಗಳಿಗೆ

1956ರ ವರೆಗೆ ಜಹೀರಾಬಾದ, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಆಮೇಲೆ ಆಂಧ್ರ, 2014ರಿಂದ ತೆಲಂಗಾಣ. ನಮಗೆ ಗಡಿ ಬಂತು, ಕುರಿ ಹಿಂಡಿಗೆ ಬರಲಿಲ್ಲ. 2017ರಲ್ಲಿ ತೆಲಂಗಾಣ ಸರ್ಕಾರ ಗೊಲ್ಲ-ಕುರುಬ ಕುಟುಂಬಗಳಿಗೆ ಸಬ್ಸಿಡಿಯಲ್ಲಿ 20 ಕುರಿ, ಒಂದು ಟಗರು ಕೊಡುವ ಯೋಜನೆ ತಂದಾಗ ಪಕ್ಕದ ರಾಜ್ಯಗಳಿಂದಲೇ ಕುರಿಗಳು ಬಂದವು. 2019ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಬ್ರೂಸೆಲ್ಲಾ ಲಸಿಕೆ ಕಾರ್ಯಕ್ರಮ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರು, ಎಮ್ಮೆಗರುಗಳಿಗೆ. ಆಡು-ಕುರಿ ಅದರಲ್ಲಿ ಇರಲಿಲ್ಲ. ಆದ್ದರಿಂದ ಕುರಿಗಾರರ ಎಚ್ಚರಿಕೆ ಕುರಿಗಾರರ ಕೈಯಲ್ಲೇ ಇದೆ.

ಎಚ್ಚರಿಕೆ ಕಷ್ಟದ್ದಲ್ಲ. ಹಾಲು ಯಾವುದೇ ಇರಲಿ, ಕುದಿಸಿ ಕುಡಿಯಬೇಕು. ಹಿಂಡಿನಲ್ಲಿ ನೊರೆಹಾಲು ಕುಡಿದರೆ ಮೈಗೆ ಕಸುವು ಬರುತ್ತದೆ ಎನ್ನುವ ಹಿರಿಯರಿಗೆ ಸಮಾಧಾನದಿಂದ ತಿಳಿಸಬೇಕು. ಕಂದು ಹಾಕಿದ ಮರಿ, ಮಾಸು ಬರಿಗೈಯಲ್ಲಿ ಮುಟ್ಟಬಾರದು. ಕೈಚೀಲ ಹಾಕಿಕೊಂಡು ಎತ್ತಿ, ಆಳವಾಗಿ ಹೂಳಬೇಕು. ಮಕ್ಕಳು, ಬಸುರಿಯರು ಹತ್ತಿರ ಹೋಗಬಾರದು. ಪಶು ಡಾಕ್ಟರಿಗೆ ಹೇಳಬೇಕು.

ಎಲ್ಲ ಸುಸ್ತೂ ಬ್ರೂಸೆಲ್ಲಾ ಅಲ್ಲ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಹೊಟ್ಟೆ ತುಂಬ ಊಟವಿಲ್ಲದಿರುವುದು – ಕಾರಣ ಬಹಳ. ಆದರೆ ಬಿಟ್ಟು ಬಿಟ್ಟು ಜ್ವರ ಬಂದು, ಬೆವರು, ಬೆನ್ನುನೋವು ಇದ್ದರೆ, ಮನೆಯಲ್ಲಿ ಆಡು-ಕುರಿ-ದನ ಇದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: “ಡಾಕ್ಟ್ರೇ, ನಮ್ಮ ಮನ್ಯಾಗ ಕುರಿ ಅವರಿ.” ಈ ಒಂದು ಮಾತಿನಿಂದ ಐದು ತಿಂಗಳು ಉಳಿಯಬಹುದು.

ಆ ಹುಡುಗ ಆರು ವಾರ ಔಷಧಿ ತೆಗೆದುಕೊಂಡ. ಮುಂದಿನ ಜೂನ್‌ನಲ್ಲಿ ಶಾಲೆಗೆ ಬಂದಾಗ ಮುಖದಲ್ಲಿ ಕಳೆ ಇತ್ತು. ತರಗತಿಯ ಎಲ್ಲರ ಮುಂದೆಯೇ ನಾನು ಅವನಿಗೆ, “ನಂದೇ ತಪ್ಪಾಯಿತು” ಎಂದೆ. ಬೈದದ್ದೂ ಎಲ್ಲರ ಮುಂದೆಯೇ ಅಲ್ಲವೆ? ಅವನು ನಾಚಿಕೊಂಡು, “ಇರಲಿ ಬಿಡ್ರಿ ಸರ್” ಎಂದ.

ಈಗ ಯಾವ ಮಗು ತಲೆ ಬಗ್ಗಿಸಿ ಮಲಗಿದರೂ ಮೊದಲು ಹತ್ತಿರ ಹೋಗಿ ಕೂಡುತ್ತೇನೆ. ರಾತ್ರಿ ನಿದ್ದೆ ಬಂತೇ, ಊಟ ಆಯಿತೇ, ಜ್ವರ ಬರುತ್ತದೆಯೇ, ಮನೆಯಲ್ಲಿ ಕುರಿ ಇವೆಯೇ ಎಂದು ಕೇಳುತ್ತೇನೆ. ಶಿಕ್ಷಕ ಮಿತ್ರರೇ, ನೀವೂ ಕೇಳಿ.