ಸ್ಕ್ರೀನ್ ರೀಡರ್ ಬಳಕೆದಾರರ ಲಿನಕ್ಸ್ ವಲಸೆ: ಸವಣೂರು ಪರಿಸರದ ಭಾಷಿಕ ನೆಲೆಯಿಂದ ಒಂದು ಪರಿಶೀಲನೆ

ದೃಷ್ಟಿ ಸವಾಲುಳ್ಳ ವ್ಯಕ್ತಿಗೆ ಕಂಪ್ಯೂಟರ್ ಒದಗುವುದು ಸ್ಕ್ರೀನ್ ರೀಡರ್ ಮೂಲಕ. ಪರದೆಯ ಮೇಲಿನ ಅಕ್ಷರ, ಗುಂಡಿ, ಪಟ್ಟಿ, ಕಿಟಕಿಗಳ ವಿವರವನ್ನು ಕಾರ್ಯಾಚರಣ ವ್ಯವಸ್ಥೆಯಿಂದ ಪಡೆದು ಅದನ್ನು ಮಾತಾಗಿಯೋ ಬ್ರೈಲ್ ಚುಕ್ಕೆಗಳಾಗಿಯೋ ಮುಟ್ಟಿಸುವ ತಂತ್ರಾಂಶಕ್ಕೆ ಆ ಹೆಸರಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ವಿಂಡೋಸ್ 11 ಕೇಳುವ ಯಂತ್ರಾಂಶವಿಲ್ಲದ ಹಳೆಯ ಲ್ಯಾಪ್‌ಟಾಪ್‌ಗಳನ್ನು ಲಿನಕ್ಸಿಗೆ ಒಯ್ಯುವ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಕಣ್ಣಿದ್ದವರಿಗೆ ಈ ಬದಲಾವಣೆ ಕೆಲವು ವಾರಗಳ ಹೊಂದಾಣಿಕೆಯಾದರೆ, ಸ್ಕ್ರೀನ್ ರೀಡರ್ ಬಳಸುವವರಿಗೆ ಕೇಳುವ ಧ್ವನಿ, ಒತ್ತುವ ಕೀಲಿ, ಕೇಳಿ ಕಲಿತ ವಿನ್ಯಾಸ ಎಲ್ಲವೂ ಒಟ್ಟಿಗೆ ಅಲುಗಾಡುವ ಸಂದರ್ಭ. ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯಲ್ಲಿರುವ, ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದ ಸವಣೂರಿನಂಥ ಊರಿನಲ್ಲಿ ಭಾಷೆಯ ತೊಡಕೂ ಇದಕ್ಕೆ ಸೇರಿಕೊಳ್ಳುತ್ತದೆ: ಮನೆಯಲ್ಲಿ ತುಳು, ಹವ್ಯಕ ಕನ್ನಡ ಅಥವಾ ಬ್ಯಾರಿ, ಸುಳ್ಯದ ಕಡೆಗೆ ಸರಿದಂತೆ ಅರೆಭಾಷೆ, ಶಾಲೆಯಲ್ಲಿ ಕನ್ನಡ, ತಂತ್ರಾಂಶದ ಆದೇಶಗಳಲ್ಲಿ ಇಂಗ್ಲಿಷ್. ವಲಸೆಯ ಕಷ್ಟವನ್ನು ಕಾರ್ಯಾಚರಣ ವ್ಯವಸ್ಥೆಯ ಮೇಲೆ ಹೊರಿಸುವುದು ರೂಢಿಯಾದರೂ, ಈ ಪರಿಸರದಲ್ಲಿ ಅದು ಹೆಚ್ಚಾಗಿ ಧ್ವನಿ, ಲಿಪಿಸಂಕೇತ ಮತ್ತು ಪಕ್ಕದಲ್ಲಿ ಕುಳಿತು ಹೇಳಿಕೊಡುವವರ ಲಭ್ಯತೆಗೆ ಸಂಬಂಧಿಸಿದ್ದೆಂಬುದು ಈ ಲೇಖನದ ವಾದ.

ವಿಂಡೋಸ್‌ನಲ್ಲಿ ಬಹುಕಾಲ ಮೇಲುಗೈ ಪಡೆದಿದ್ದ ಜಾಸ್, 1989ರಲ್ಲಿ ಡಾಸ್‌ಗಾಗಿ ಹುಟ್ಟಿದ, ದುಬಾರಿ ಪರವಾನಗಿಯ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಆರಂಭಿಸಿದ ಎನ್‌ವಿಡಿಎ ಈ ಸ್ಥಿತಿಯನ್ನು ಬದಲಾಯಿಸಿತು. ಅದು ನಡೆಯುವುದು ವಿಂಡೋಸ್ ಮೇಲೆಯೇ ಆದರೂ ಅದರ ಮೂಲಸಂಕೇತ ಮುಕ್ತ, ಬೆಲೆ ಇಲ್ಲ. ಲಿನಕ್ಸಿನ ಆರ್ಕಾ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ರೂಪುಗೊಂಡು, ಅದೇ 2006ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರದ 2.16ನೇ ಆವೃತ್ತಿಯ ಭಾಗವಾಗಿ ಬಂದಿತು. ಒರಾಕಲ್ ಕಂಪನಿ ಸನ್ ಅನ್ನು ಕೊಂಡ ಬಳಿಕ ಆರ್ಕಾದ ಹೊಣೆಯನ್ನು ಮುಖ್ಯವಾಗಿ ಹೊತ್ತವರು ಜೋನ್ಮರಿ ಡಿಗ್ಸ್. ಗಮನಿಸಬೇಕಾದ ಸಂಗತಿಯೆಂದರೆ, ಎನ್‌ವಿಡಿಎ ಮತ್ತು ಆರ್ಕಾಗಳು ಕೆಲವು ಮುಖ್ಯ ಅಂಗಗಳನ್ನು ಹಂಚಿಕೊಂಡಿವೆ. ಎರಡರಲ್ಲೂ ಮಾತನಾಡಬಲ್ಲದ್ದು ಇಸ್ಪೀಕ್ ಎನ್‌ಜಿ, ಬ್ರೈಲ್‌ಗೆ ಲಿಪ್ಯಂತರಿಸುವುದು ಲಿಬ್‌ಲೂಯಿ, ಮತ್ತು ಬಳಕೆದಾರ ದಿನವೂ ತೆರೆಯುವ ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳು ಎರಡೂ ಕಡೆ ಸಿಗುತ್ತವೆ. ವಿಂಡೋಸ್‌ನಲ್ಲೇ ಇವುಗಳಿಗೆ ಒಗ್ಗಿದವರು ಅರಿಯದೆಯೇ ಅರ್ಧ ದಾರಿ ಕ್ರಮಿಸಿರುತ್ತಾರೆ.

ಉಳಿದರ್ಧ ಸುಲಭವೆಂದು ಇದರರ್ಥವಲ್ಲ. ತಂತ್ರಾಂಶವೊಂದು ತನ್ನ ಗುಂಡಿ, ಪಟ್ಟಿಗಳ ಹೆಸರನ್ನು ಸ್ಕ್ರೀನ್ ರೀಡರ್‌ಗೆ ತಿಳಿಸಲು ಎಟಿ-ಎಸ್‌ಪಿಐ ಎಂಬ ನಡುವಣ ವ್ಯವಸ್ಥೆಯನ್ನು ಲಿನಕ್ಸ್ ಅವಲಂಬಿಸುತ್ತದೆ. ತಂತ್ರಾಂಶದ ಕರ್ತೃ ಈ ಹೆಸರುಗಳನ್ನು ತುಂಬದೆ ಬಿಟ್ಟರೆ ಆರ್ಕಾ ‘ಗುಂಡಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಲಿನಕ್ಸ್ ತನ್ನ ಹಳೆಯ ಚಿತ್ರಣ ಪದ್ಧತಿಯಾದ ಎಕ್ಸ್11 ಅನ್ನು ಬಿಟ್ಟು ವೇಲ್ಯಾಂಡ್‌ಗೆ ಹೊರಳಿದಾಗ ತೊಡಕು ಇನ್ನಷ್ಟು ಹೆಚ್ಚಿತು. ಸುರಕ್ಷತೆಯ ದೃಷ್ಟಿಯಿಂದ ವೇಲ್ಯಾಂಡ್ ಯಾವ ತಂತ್ರಾಂಶಕ್ಕೂ ಇನ್ನೊಂದರ ಕೀಲಿ ಒತ್ತುವಿಕೆಯನ್ನು ಗಮನಿಸಲು ಬಿಡುವುದಿಲ್ಲ. ಆದರೆ ಸ್ಕ್ರೀನ್ ರೀಡರ್‌ನ ಕೆಲಸವೇ ಅದು. 2025ರ ಮಾರ್ಚಿನಲ್ಲಿ ಬಂದ ಗ್ನೋಮ್ 48 ಇದಕ್ಕೆ ಪ್ರತ್ಯೇಕ ದಾರಿಯನ್ನು ಒದಗಿಸುವವರೆಗೂ ಅನೇಕರು ಹಳೆಯ ಪದ್ಧತಿಗೇ ಅಂಟಿಕೊಂಡಿದ್ದುದು ಸಹಜವಾಗಿತ್ತು. ಕಣ್ಣಿದ್ದವರ ಸುರಕ್ಷತೆಯನ್ನು ಮೊದಲು ರೂಪಿಸಿ, ಕಣ್ಣಿಲ್ಲದವರ ಪ್ರವೇಶವನ್ನು ಆಮೇಲೆ ತೇಪೆ ಹಾಕಿ ಕೂಡಿಸುವ ಈ ಕ್ರಮಕ್ಕೆ ಮುಕ್ತ ತಂತ್ರಾಂಶ ಲೋಕವೂ ಹೊರತಲ್ಲ.

ಕನ್ನಡದ ಬಳಕೆದಾರನಿಗೆ ಇದಕ್ಕಿಂತ ಹಳೆಯ ಗಂಟೊಂದಿದೆ. ಬರಹ ಮತ್ತು ನುಡಿ ತಂತ್ರಾಂಶಗಳಲ್ಲಿ ಯೂನಿಕೋಡ್ ಪೂರ್ವದ ಫಾಂಟ್‌ಗಳಿಂದ ಸಿದ್ಧಪಡಿಸಿದ ಸುತ್ತೋಲೆ, ಪ್ರಶ್ನೆಪತ್ರಿಕೆ, ಪುಸ್ತಕಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ. ಆದ್ದರಿಂದ ಸ್ಕ್ರೀನ್ ರೀಡರ್ ಅವನ್ನು ಅರ್ಥವಿಲ್ಲದ ಇಂಗ್ಲಿಷ್ ಉಚ್ಚಾರಗಳ ಸಾಲಾಗಿ ಓದುತ್ತದೆ. ಇದು ಯಾವ ವ್ಯವಸ್ಥೆಯಲ್ಲೂ ತಪ್ಪಿದ್ದಲ್ಲವಾದರೂ, ಪರಿವರ್ತಕ ತಂತ್ರಾಂಶಗಳ ಅಭ್ಯಾಸ ವಿಂಡೋಸ್ ಸುತ್ತ ಬೆಳೆದಿರುವುದರಿಂದ ಲಿನಕ್ಸಿಗೆ ಬಂದವರು ಅರವಿಂದ ವಿ.ಕೆ. ಅವರು ಮುಕ್ತವಾಗಿ ಒದಗಿಸಿದಂಥ ಪರಿವರ್ತಕಗಳನ್ನು ಹುಡುಕಿಕೊಳ್ಳಬೇಕಾಗುತ್ತದೆ. ಬರೆಯುವ ಕಡೆಯಲ್ಲಿ ಮಾತ್ರ ಸಮಾಧಾನವಿದೆ: ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ ಕೀಲಿವಿನ್ಯಾಸವನ್ನು ಆಧರಿಸಿದ ಕೆಜಿಪಿ ವಿನ್ಯಾಸ ಲಿನಕ್ಸಿನ ಬರಹ ಸಾಧನಗಳಲ್ಲೂ ಇದ್ದು, ವಿಂಡೋಸ್‌ನಲ್ಲಿ ಬೆರಳು ಕಲಿತದ್ದು ಅಲ್ಲಿ ವ್ಯರ್ಥವಾಗುವುದಿಲ್ಲ. ವ್ಯಂಜನದ ಮುಂದೆ ಸ್ವರ ಸೇರಿಸುತ್ತ ಹೋಗುವ ಈ ವಿನ್ಯಾಸದ ತರ್ಕ ಕಣ್ಣಿಗಿಂತ ಕಿವಿಗೆ ಹತ್ತಿರವಾದದ್ದು.

ಇನ್ನು ಧ್ವನಿಯ ವಿಚಾರ. ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಹರಿಹರನ್ ಸಿಂಪ್ಯೂಟರ್ ಎಂಬ ಕೈಗಣಕಕ್ಕಾಗಿ ಆರಂಭಿಸಿ ಮುಂದೆ ಸಂತೋಷ್ ತೋಟ್ಟಿಂಗಲ್ ಬೆಳೆಸಿದ ‘ಧ್ವನಿ’ ಎಂಬ ಮುಕ್ತ ತಂತ್ರಾಂಶ, ಮನುಷ್ಯರ ಮಾತಿನ ಮುದ್ರಿತ ತುಣುಕುಗಳನ್ನು ಜೋಡಿಸಿ ಕನ್ನಡವನ್ನೂ ನುಡಿಯುತ್ತಿತ್ತು. ಇಸ್ಪೀಕ್ ಎನ್‌ಜಿಯ ಮೂಲವಾದ ಇಸ್ಪೀಕ್‌ನ ಮಾರ್ಗ ಬೇರೆ: ಜೊನಾಥನ್ ಡಡಿಂಗ್ಟನ್ 1995ರಲ್ಲಿ ಆರಂಭಿಸಿದ ಈ ತಂತ್ರಾಂಶ ಬಾಯಿಯ ಅನುರಣನಗಳನ್ನು ಗಣಿತದ ಸೂತ್ರದಿಂದ ಹುಟ್ಟಿಸುವುದರಿಂದ ಅದರ ಮಾತು ಯಾಂತ್ರಿಕ; ಆದರೆ ಗಾತ್ರದಲ್ಲಿ ಕಿರಿದು, ವೇಗ ಎಷ್ಟು ಹೆಚ್ಚಿಸಿದರೂ ಅಕ್ಷರ ಕರಗದು. ಭಾರತೀಯ ಭಾಷೆಗಳಲ್ಲಿ ಅದರ ಉಚ್ಚಾರ ತಿದ್ದುವ ಕೆಲಸಕ್ಕೆ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯು ಹಂಸ್ ಫೌಂಡೇಶನ್ ನೆರವಿನಿಂದ ತೊಡಗಿದ್ದೂ ಉಂಟು. ಕನ್ನಡದ ಉಚ್ಚಾರ ನಿಯಮಗಳು ಅದರಲ್ಲಿ ಯಾರೂ ತೆರೆದು ಓದಬಹುದಾದ ಸರಳ ಪಠ್ಯಕಡತದಲ್ಲಿವೆ, ಮತ್ತು ಸವಣೂರಿನಂಥ ಊರಿಗೆ ಇದು ಮಹತ್ವದ್ದು.

ತುಳು ಬರೆಯುವಾಗ ಇಲ್ಲಿನವರು ಕನ್ನಡ ಲಿಪಿಯನ್ನೇ ಬಳಸುತ್ತಾರೆ. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯವೂ ಕನ್ನಡ ಲಿಪಿಯಲ್ಲಿದೆ, ತುಳು-ತಿಗಳಾರಿ ಲಿಪಿ ಯೂನಿಕೋಡ್‌ಗೆ ಸೇರಿದ್ದು 2024ರಲ್ಲಿ. ಇಸ್ಪೀಕ್‌ನಲ್ಲಿ ತುಳುವಿಗೆ ಪ್ರತ್ಯೇಕ ಧ್ವನಿ ಇಲ್ಲದಿರುವುದರಿಂದ ಕನ್ನಡದ ಧ್ವನಿಯೇ ಅದನ್ನು ಓದುತ್ತದೆ. ‘ಇಲ್ಲ್’, ‘ಕಣ್ಣ್’ ಎಂಬ ಪದಗಳ ಕೊನೆಯಲ್ಲಿ ತುಟಿ ದುಂಡಾಗದ ಉಕಾರವೊಂದು ತುಳುವರ ಬಾಯಲ್ಲಿದ್ದರೂ, ಬರಹದಲ್ಲಿ ಅದನ್ನು ಸೂಚಿಸುವ ಅರ್ಧಾಕ್ಷರ ಚಿಹ್ನೆಯನ್ನು ಕನ್ನಡದ ನಿಯಮ ಸ್ವರವಿಲ್ಲವೆಂದೇ ತಿಳಿಯುತ್ತದೆ. ಕನ್ನಡದ ಕಡತವನ್ನು ನಕಲು ಮಾಡಿ ಪದಾಂತ್ಯದ ಅರ್ಧಾಕ್ಷರಕ್ಕೆ ಆ ಸ್ವರ ಸೇರಿಸುವ ನಿಯಮ ಬರೆದರೆ ಈ ದೋಷದ ದೊಡ್ಡ ಪಾಲು ನಿವಾರಣೆಯಾಗುತ್ತದೆ. ಇದಕ್ಕೆ ಯಾವ ಕಂಪನಿಯ ಅನುಮತಿಯೂ ಬೇಡ. ವಿಂಡೋಸ್ ಮೇಲಿನ ಎನ್‌ವಿಡಿಎಗೂ ಅದೇ ಕಡತ ಒದಗುತ್ತದೆ. ಆದರೆ ನಿಯಮಕ್ಕೂ ಎಲ್ಲೆ ಇದೆ. ‘ಯಾನ್ ಮಲ್ಪುವೆ’ ಎಂಬಲ್ಲಿ ಕೊನೆಯ ಎಕಾರ ಅಗಲವಾಗಿಯೂ ‘ಆಯೆ ಮಲ್ಪುವೆ’ ಎಂಬಲ್ಲಿ ಕಿರಿದಾಗಿಯೂ ಉಚ್ಚಾರವಾಗುತ್ತದೆ, ಬರಹ ಮಾತ್ರ ಒಂದೇ. ಕರ್ತೃಪದವನ್ನು ಗುರುತಿಸದ ತಂತ್ರಾಂಶಕ್ಕೆ ಇಲ್ಲಿ ಸರಿಯಾದ ಉಚ್ಚಾರ ಸಾಧ್ಯವಿಲ್ಲ.

ಕಲಿಕೆಯ ವ್ಯವಸ್ಥೆಯನ್ನು ನೋಡಿದರೆ ಕೇರಳ-ಕರ್ನಾಟಕ ಗಡಿಯ ಎರಡು ಬದಿಗಳ ಅಂತರ ಎದ್ದುಕಾಣುತ್ತದೆ. ಕೇರಳದ ಐಟಿ@ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಸಂಸ್ಥೆಯಾಗಿ, ಶಾಲೆಗಳಲ್ಲಿ ಲಿನಕ್ಸನ್ನೇ ನೆಲೆಗೊಳಿಸಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಸಿಟಿ ಪಠ್ಯದ ಮೂಲಕ ಅದನ್ನು ಕಲಿಯುತ್ತಾರೆ. ದೃಷ್ಟಿ ಸವಾಲುಳ್ಳ ಶಿಕ್ಷಕರಿಗೆ ಆರ್ಕಾ ತರಬೇತಿಯನ್ನೂ ಕೈಟ್ ನೀಡಿದೆ. ಉಬುಂಟು ಮಾಟೆಯನ್ನು ಆಧರಿಸಿ ಅಂಧ ಬಳಕೆದಾರರಿಗಾಗಿಯೇ ಸಿದ್ಧವಾದ ಆಕ್ಸೆಸಿಬಲ್ ಕೋಕನಟ್ ಎಂಬ ವಿತರಣೆಯೂ, ಮುದ್ರಿತ ಪುಟವನ್ನು ಓದಿಸುವ ಲಿಯೋಸ್ ತಂತ್ರಾಂಶವೂ ಕೇರಳದ ಕೊಡುಗೆಗಳು. ಕರ್ನಾಟಕದಲ್ಲಿ ದೃಷ್ಟಿ ಸವಾಲುಳ್ಳ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆ ಇದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆದರೆ ಯಂತ್ರ ಕೈಸೇರಿದ ಮೇಲೆ ಬೇಕಾಗುವ ದೀರ್ಘ ಒಡನಾಟದ ಕಲಿಕೆಗೆ ಶಾಲೆಯಲ್ಲೇ ಬೇರೂರಿದ ಇಂಥ ನೆಲೆಗಟ್ಟು ಇಲ್ಲ.

ಅನುಸ್ಥಾಪನೆಯ ಮೊದಲ ಹಂತದಲ್ಲೇ ಈ ಒಡನಾಟದ ಅಗತ್ಯ ತಿಳಿಯುತ್ತದೆ. ಲಿನಕ್ಸ್ ವಿತರಣೆಯಾದ ಡೆಬಿಯನ್‌ನ ಆರಂಭದ ಪಟ್ಟಿಯಲ್ಲಿ ‘ಎಸ್’ ಕೀಲಿ ಮತ್ತು ಎಂಟರ್ ಒತ್ತಿದರೆ ಅನುಸ್ಥಾಪಕವು ಮಾತನಾಡುತ್ತದೆ; ಉಬುಂಟುವಿನಲ್ಲಿ ಆಲ್ಟ್, ಸೂಪರ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆರ್ಕಾ ಎಚ್ಚರಗೊಳ್ಳುತ್ತದೆ. ಆದರೆ ಅದಕ್ಕೂ ಮೊದಲು, ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸುವಂತೆ ಬದಲಾಯಿಸಬೇಕಾದ ಬಯೋಸ್ ಪರದೆಗೆ ಸಾಮಾನ್ಯವಾಗಿ ಧ್ವನಿಯೇ ಇರುವುದಿಲ್ಲ. ಅಲ್ಲಿ ಪುತ್ತೂರು ಪೇಟೆಯ ಕಂಪ್ಯೂಟರ್ ಅಂಗಡಿಯವರೋ ಮನೆಯವರೋ ನೆರವಾಗಬೇಕು, ಮತ್ತು ಹಾಗೆ ನೆರವಾಗುವವರಿಗೆ ಹಳೆಯ ವಿಂಡೋಸನ್ನು ಅಳಿಸದೆ ಪಕ್ಕದಲ್ಲಿಟ್ಟು ಲಿನಕ್ಸ್ ಹಾಕುವ ಕ್ರಮವೂ ತಿಳಿದಿರಬೇಕು. ಏಕೆಂದರೆ ನುಡಿಯಲ್ಲಿ ಟೈಪಾದ ಹಳೆಯ ಕಡತಗಳೆಲ್ಲ ಯೂನಿಕೋಡ್‌ಗೆ ಬರುವವರೆಗೆ ಬಳಕೆದಾರನಿಗೆ ಎರಡೂ ವ್ಯವಸ್ಥೆಗಳು ಬೇಕಾಗುತ್ತವೆ.