ಮನೆ ಬಿಟ್ಟುಕೊಟ್ಟ ಗಣಿತದ ಮೇಷ್ಟರು

ಲೀ ಲಾರ್ಚ್ ಅಮೆರಿಕದ ಗಣಿತ ಪ್ರಾಧ್ಯಾಪಕರು. ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿ ಭಾರತಕ್ಕೂ ಬಂದಿದ್ದರು. ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಸ್ಟೈವೆಸೆಂಟ್ ಟೌನ್ ಬಡಾವಣೆಯಲ್ಲಿ ಅವರಿಗೆ ಬಾಡಿಗೆ ಮನೆ ಸಿಕ್ಕಿತು. ಮಾಜಿ ಸೈನಿಕರಿಗೆ ಅಲ್ಲಿ ಆದ್ಯತೆ. ಆದರೆ ಬಿಳಿಯರಿಗೆ ಮಾತ್ರ. ಅದೇ ಯುದ್ಧದಲ್ಲಿ ದುಡಿದ ಕಪ್ಪು ಸೈನಿಕರಿಗೆ ಬಾಗಿಲು ಮುಚ್ಚಿತ್ತು.

ಲಾರ್ಚ್ ಸುಮ್ಮನಿರಲಿಲ್ಲ. ನೆರೆಹೊರೆಯವರೊಡನೆ ಸೇರಿ ಈ ಪಂಕ್ತಿಭೇದವನ್ನು ವಿರೋಧಿಸಿದರು. 1949ರಲ್ಲಿ ಸಿಟಿ ಕಾಲೇಜಿನ ಕೆಲಸ ಹೋಯಿತು. ಪೆನ್ಸಿಲ್ವೇನಿಯಾದಲ್ಲಿ ಹೊಸ ಕೆಲಸಕ್ಕೆ ಸೇರಿದಾಗ ನ್ಯೂಯಾರ್ಕಿನ ಮನೆಯನ್ನು ಕಪ್ಪು ಕುಟುಂಬವೊಂದಕ್ಕೆ ಬಿಟ್ಟುಕೊಟ್ಟರು. 1950ರಲ್ಲಿ ಆ ಕೆಲಸವೂ ಹೋಯಿತು.

ಆದರೆ ಹೋರಾಟ ವ್ಯರ್ಥವಾಗಲಿಲ್ಲ. ನಗರದ ನೆರವು ಪಡೆದ ವಸತಿಗಳಲ್ಲಿ ವರ್ಣಭೇದವನ್ನು ನ್ಯೂಯಾರ್ಕ್ 1951ರಲ್ಲಿ ನಿಷೇಧಿಸಿತು.

ಅಷ್ಟರಲ್ಲಿ ಲಾರ್ಚ್ ಕಪ್ಪು ವಿದ್ಯಾರ್ಥಿಗಳ ಫಿಸ್ಕ್ ವಿಶ್ವವಿದ್ಯಾಲಯ ಸೇರಿದ್ದರು. ಅವರ ಪ್ರೋತ್ಸಾಹ ಪಡೆದ ಗ್ಲೋರಿಯಾ ಹ್ಯೂವಿಟ್, ವಿವಿಯನ್ ಮೇಲೋನ್-ಮೇಯ್ಸ್, ಎಟ್ಟಾ ಫಾಲ್ಕನರ್ 1960ರ ದಶಕದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿ ಅಲ್ಲಿಯವರೆಗೆ ಈ ಪದವಿ ಗಳಿಸಿದ ಕಪ್ಪು ಮಹಿಳೆಯರು ಬೆರಳೆಣಿಕೆಯಷ್ಟೇ.

ತಮ್ಮ ಕಮ್ಯುನಿಸ್ಟ್ ನಂಟಿನ ಬಗ್ಗೆ ಸಂಸತ್ತಿನ ಸಮಿತಿ ಕೇಳಿದ ಪ್ರಶ್ನೆಗೆ ಉತ್ತರಿಸಲು ನಿರಾಕರಿಸಿದ್ದರಿಂದ ಫಿಸ್ಕ್‌ನ ಕೆಲಸವೂ ಹೋಯಿತು. 1959ರಲ್ಲಿ ಅವರು ಕೆನಡಾಕ್ಕೆ ಹೋದರು. 2014ರಲ್ಲಿ, 98ನೇ ವಯಸ್ಸಿನಲ್ಲಿ, ಟೊರೊಂಟೊದಲ್ಲಿ ತೀರಿಕೊಂಡರು. ಕೆಲಸಗಳನ್ನು ಕಳೆದುಕೊಂಡ ಈ ಮೇಷ್ಟರು ಬಿಟ್ಟುಹೋದದ್ದು ಇತರರಿಗೆ ತೆರೆದ ಬಾಗಿಲುಗಳನ್ನು.