ಪಟ್ಟಿಯೊಳಗಿನ ಹೆಸರು: ಕಲ್ಕತ್ತೆಯ ‘ಚೌದ್ದೊ ಆಯಿನ್’ ಮತ್ತು ಕನ್ನಡದ ಕೆಲವು ಸಾಕ್ಷ್ಯಗಳು

ಕೋಲ್ಕತ್ತದ ಬಿಬಿಡಿ ಬಾಗ್ ಪ್ರದೇಶವು ವಸಾಹತು ಕಾಲದಲ್ಲಿ ಡಾಲ್‌ಹೌಸಿ ಚೌಕವೆಂದು ಪ್ರಸಿದ್ಧವಾಗಿದ್ದಿತು. 1930ರ ಡಿಸೆಂಬರ್ 8ರಂದು ರೈಟರ್ಸ್ ಬಿಲ್ಡಿಂಗ್ ಒಳಕ್ಕೆ ನುಗ್ಗಿದ ಬಿನಯ್, ಬಾದಲ್, ದಿನೇಶ್ ಎಂಬ ಮೂವರು ಕ್ರಾಂತಿಕಾರಿಗಳ ನೆನಪಿಗಾಗಿ ಅದಕ್ಕೆ ಈಗಿನ ಹೆಸರು ಬಂದಿದೆ. ಲಾಲ್ ದಿಘಿ ಎಂಬ ಕೆರೆಯ ಸುತ್ತಣ ಈ ಚೌಕದ ಸನಿಹದಲ್ಲಿಯೇ ಲಾಲ್‌ಬಜಾರಿನ ಪೊಲೀಸ್ ಕೇಂದ್ರ ಕಚೇರಿಯಿದೆ. ದಕ್ಷಿಣಕ್ಕೆ ತುಸು ದೂರದಲ್ಲಿ ಅಂದಿನ ಗವರ್ನಮೆಂಟ್ ಹೌಸ್ ಇದೆ. ಚೌಕದ ಪಶ್ಚಿಮಕ್ಕಿರುವ ಅಂಚೆ ಕಚೇರಿಯ ಗುಮ್ಮಟದ ಕಟ್ಟಡವು 1868ರಲ್ಲಿ ಬಳಕೆಗೆ ಬಂದಿತು. ಅದೇ ವರ್ಷ ಇದೇ ರಾಜಧಾನಿಯಲ್ಲಿ, ಗವರ್ನರ್ ಜನರಲ್ ಜಾನ್ ಲಾರೆನ್ಸನ ಆಳ್ವಿಕೆಯಲ್ಲಿ, ಭಾರತದ ಸಾಂಕ್ರಾಮಿಕ ರೋಗಗಳ ಕಾಯಿದೆಯೆಂಬ ಹದಿನಾಲ್ಕನೆಯ ಶಾಸನವು ಅಂಗೀಕಾರವಾಯಿತು. ಬಂಗಾಳದ ಜನರು ಅದನ್ನು ಸಂಖ್ಯೆಯಿಂದಲೇ ಗುರುತಿಸಿ ‘ಚೌದ್ದೊ ಆಯಿನ್’ ಎಂದು ಕರೆದರು.

ವೇಶ್ಯಾವೃತ್ತಿಯ ಪರವಾನಗಿ ಮತ್ತು ನಿಯಂತ್ರಣಗಳ ಚರಿತ್ರೆಯನ್ನು ಸಾಮಾನ್ಯವಾಗಿ ನೀತಿಯ ಅಥವಾ ಸುಧಾರಣೆಯ ಚರಿತ್ರೆಯಾಗಿ ಬರೆಯಲಾಗುತ್ತದೆ. ಅದು ಮೂಲತಃ ಹೆಸರಿಡುವ ಅಧಿಕಾರದ ಚರಿತ್ರೆಯೂ ಹೌದೆಂಬುದನ್ನು ಕಲ್ಕತ್ತೆಯ ಈ ಕಾಯಿದೆಯನ್ನೂ ಕನ್ನಡದ ಕೆಲವು ಸಾಕ್ಷ್ಯಗಳನ್ನೂ ಎದುರುಬದುರು ಇರಿಸಿ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಯಿದೆಯ ಹಿನ್ನೆಲೆ ಸೈನಿಕವಾದುದು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಮೇಹರೋಗಗಳು ಹೆಚ್ಚಿದ್ದುವೆಂಬುದನ್ನು 1863ರಲ್ಲಿ ವರದಿ ನೀಡಿದ ರಾಯಲ್ ಕಮಿಷನ್ ಒತ್ತಿ ಹೇಳಿತ್ತು. 1864ರ ದಂಡುಪ್ರದೇಶಗಳ ಕಾಯಿದೆಯು ಸೈನಿಕರ ಸಂಪರ್ಕಕ್ಕೆ ಬರುವ ಸ್ತ್ರೀಯರ ನೋಂದಣಿಗೆ ಅವಕಾಶ ಕಲ್ಪಿಸಿತು. 1868ರ ಕಾಯಿದೆಯು ಅದೇ ವ್ಯವಸ್ಥೆಯನ್ನು ನಗರಗಳಿಗೆ ವಿಸ್ತರಿಸಿತು. ಅದರಂತೆ ವೃತ್ತಿಯಲ್ಲಿರುವ ಹೆಂಗಸು ತನ್ನ ಹೆಸರನ್ನೂ ವಾಸಸ್ಥಳವನ್ನೂ ದಾಖಲಿಸಬೇಕು, ಚೀಟಿಯನ್ನು ಪಡೆಯಬೇಕು, ನಿಗದಿತ ಅವಧಿಗೊಮ್ಮೆ ವೈದ್ಯಕೀಯ ತಪಾಸಣೆಗೆ ಒಳಗಾಗಬೇಕು, ರೋಗವಿದ್ದಲ್ಲಿ ಲಾಕ್ ಆಸ್ಪತ್ರೆಯಲ್ಲಿ ಬಂಧಿತಳಾಗಿರಬೇಕು. ತಪ್ಪಿದರೆ ದಂಡ, ಸೆರೆವಾಸ. ಆಕೆಯ ಬಳಿಗೆ ಬರುವ ಗಂಡಸಿಗೆ ಕಾಯಿದೆಯಲ್ಲಿ ಇಂತಹ ಯಾವ ಕಟ್ಟುಪಾಡೂ ಇರಲಿಲ್ಲ. ಯಾರನ್ನು ‘ಸಾಮಾನ್ಯ ವೇಶ್ಯೆ’ ಎಂದು ಪರಿಗಣಿಸಬೇಕೆಂಬುದೂ ಸ್ಪಷ್ಟವಾಗಿರಲಿಲ್ಲ. ಆದ್ದರಿಂದ ಅದನ್ನು ನಿರ್ಧರಿಸುವ ಅಧಿಕಾರವು ಕಾರ್ಯತಃ ಪೊಲೀಸರ ಕೈಸೇರಿತು.

ಕಲ್ಕತ್ತೆಯಲ್ಲಿ 1869ರಿಂದ ಇದನ್ನು ಜಾರಿಗೆ ತಂದವನು ಪೊಲೀಸ್ ಕಮಿಷನರ್ ಸ್ಟುವರ್ಟ್ ಹಾಗ್. ಅನೇಕ ಸ್ತ್ರೀಯರು ನಗರವನ್ನೇ ತೊರೆದು ಫ್ರೆಂಚರ ಆಡಳಿತದಲ್ಲಿದ್ದ ಚಂದ್ರನಗರಕ್ಕೆ ಹೋದರು. ಹೋಗದೆ ಉಳಿದು ಪ್ರಶ್ನಿಸಿದವರೂ ಉಂಟು. ತಪಾಸಣೆಗೆ ಹಾಜರಾಗಲಿಲ್ಲವೆಂದು ಶಿಕ್ಷೆಗೊಳಗಾದ ಒಬ್ಬಾಕೆ 1869ರಲ್ಲಿ ಹೈಕೋರ್ಟಿನ ಮೊರೆಹೊಕ್ಕಳು. ದಾಖಲೆಗಳು ಆಕೆಯನ್ನು ಸುಖೀಮೋನೀ ರೌರ್ ಎಂದು ಹೆಸರಿಸುತ್ತವೆ. ತಾನು ವೇಶ್ಯೆಯೇ ಅಲ್ಲವೆಂಬುದು ಆಕೆಯ ವಾದವಾಗಿತ್ತು. ನೋಂದಣಿಯು ಸ್ವಇಚ್ಛೆಯದಾಗಿರಬೇಕೆಂಬ ನಿಲುವನ್ನು ನ್ಯಾಯಾಲಯವು ತಳೆಯಿತು. ಕಾಯಿದೆಯ ತಳಹದಿಯನ್ನೇ ಅಲುಗಿಸಿದ ಪ್ರಶ್ನೆಯಿದು. ಪಟ್ಟಿಯಲ್ಲಿ ಹೆಸರಿರುವುದರಿಂದ ಆಕೆ ವೇಶ್ಯೆಯೋ, ವೇಶ್ಯೆಯಾದುದರಿಂದ ಆಕೆಯ ಹೆಸರು ಪಟ್ಟಿಯಲ್ಲಿದೆಯೋ? ಪೊಲೀಸರ ಮಟ್ಟಿಗೆ ಇವೆರಡರ ನಡುವೆ ಅಂತರವಿರಲಿಲ್ಲ.

ಕನ್ನಡನಾಡಿಗೂ ಈ ವ್ಯವಸ್ಥೆ ದೂರದ್ದಾಗಿರಲಿಲ್ಲ. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಿತು. 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡಿನಲ್ಲಿಯೂ ಬಳ್ಳಾರಿಯ ದಂಡಿನಲ್ಲಿಯೂ ಲಾಕ್ ಆಸ್ಪತ್ರೆಗಳು ನಡೆದವು. ಮದರಾಸು ಪ್ರಾಂತದ ಲಾಕ್ ಆಸ್ಪತ್ರೆಗಳ ವಾರ್ಷಿಕ ವರದಿಗಳಲ್ಲಿ ಅಲ್ಲಿನ ಸ್ತ್ರೀಯರು ಅಂಕಿಗಳಾಗಿ ಮಾತ್ರ ಉಳಿದಿದ್ದಾರೆ.

ಇದಕ್ಕೆ ಹಿಂದಣ ಕನ್ನಡದ ಸಾಕ್ಷ್ಯಗಳು ಬೇರೊಂದು ಚಿತ್ರವನ್ನು ಕೊಡುತ್ತವೆ. ಬಾದಾಮಿ ಚಾಲುಕ್ಯರ ವಿಜಯಾದಿತ್ಯನ ಕಾಲದ, ಎಂಟನೆಯ ಶತಮಾನದ ಆದಿಭಾಗದ ಮಹಾಕೂಟದ ಕಂಬಶಾಸನದಲ್ಲಿ ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿಯು ದೇವರಿಗೆ ನೀಡಿದ ದಾನಗಳ ವಿವರವಿದೆ. ಆಕೆಯನ್ನು ಶಾಸನವು ಯಾವ ಮುಜುಗರವೂ ಇಲ್ಲದೆ ಸೂಳೆಯೆಂದು ಕರೆಯುತ್ತದೆ. ಆಕೆಯ ಅಜ್ಜಿ, ತಾಯಿಯರ ಹೆಸರುಗಳನ್ನೂ ಹೇಳುತ್ತದೆ. ಇಲ್ಲಿ ಹೆಸರು ಕಲ್ಲಿನ ಮೇಲೆ ಬಂದಿರುವುದು ಆಕೆಯ ದಾನದಿಂದ. ಹನ್ನೆರಡನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯ ಒಂದೇ ಒಂದು ವಚನ ನಮಗೆ ದೊರೆತಿದೆ. ‘ನಿರ್ಲಜ್ಜೇಶ್ವರ’ ಎಂಬ ಆಕೆಯ ಅಂಕಿತವೇ ಲೋಕದ ನಿಂದೆಗೆ ಕೊಟ್ಟ ಉತ್ತರದಂತಿದೆ. ಆ ವಚನದಲ್ಲಿ ಆಕೆಯು ಒತ್ತೆಯ ಕಟ್ಟಳೆಯನ್ನು, ಎಂದರೆ ಒಬ್ಬನಿಂದ ಒತ್ತೆಹಣವನ್ನು ಪಡೆದ ಮೇಲೆ ಮತ್ತೊಬ್ಬನದನ್ನು ಪಡೆಯಬಾರದೆಂಬ ನಿಯಮವನ್ನು, ನಿಷ್ಠೆಯ ರೂಪಕವನ್ನಾಗಿ ಬಳಸಿದ್ದಾಳೆ. ವೃತ್ತಿಗೆ ತನ್ನದೇ ಆದ ಒಳಗಿನ ನಡಾವಳಿಯೊಂದಿತ್ತೆಂಬುದಕ್ಕೆ ಸಾಹಿತ್ಯದಲ್ಲಿ ದೊರೆಯುವ ಅಪರೂಪದ ಆಧಾರವಿದು.

ಹಾಗೆಂದು ಮಧ್ಯಕಾಲವನ್ನು ಆದರ್ಶೀಕರಿಸುವುದು ಸಲ್ಲದು. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಶಕ್ತಿ ಅರಸನ ವಲ್ಲಭೆಗೆ ಇದ್ದಿತೇ ಹೊರತು ಬೀದಿಯ ಬಡ ಹೆಂಗಸಿಗಲ್ಲ. ಪ್ರಭುತ್ವದ ಕೈಯೂ ಅಲ್ಲಿ ಇರಲಿಲ್ಲವೆಂದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು, ನಗರದ 12,000 ಕಾವಲುಗಾರರಿಗೆ ದಿನವೊಂದಕ್ಕೆ ಸಲ್ಲುವ 12,000 ಪಣಗಳ ಸಂಬಳವು ವೇಶ್ಯಾಗೃಹಗಳ ಆದಾಯದಿಂದ ಬರುತ್ತಿತ್ತೆಂದು ಬರೆದಿದ್ದಾನೆ. ಅಂಕಿಗಳಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಇರಬಹುದಾದರೂ ತೆರಿಗೆಯ ಸಂಬಂಧವನ್ನು ಅಲ್ಲಗಳೆಯಲು ಕಾರಣವಿಲ್ಲ. ವಿಜಯನಗರದ ಪ್ರಭುತ್ವಕ್ಕೆ ಬೇಕಾಗಿದ್ದುದು ವೃತ್ತಿಯ ಹಣ. ಕಲ್ಕತ್ತೆಯ ಪ್ರಭುತ್ವಕ್ಕೆ ಬೇಕಾದುದು ಹೆಂಗಸಿನ ದೇಹದ ಬಗೆಗಿನ ತಿಳಿವಳಿಕೆ. ಸೂಳೆ, ಪಾತ್ರ, ಗಣಿಕೆ, ದೇವರ ಸೇವೆಯವಳು ಎಂಬ ಭಿನ್ನ ಅಂತಸ್ತುಗಳನ್ನೆಲ್ಲ ಒಂದೇ ಕಾಲಮ್ಮಿನೊಳಕ್ಕೆ ಸೇರಿಸಿದ್ದು ವಸಾಹತುಶಾಹಿ ಪಟ್ಟಿಯ ವೈಶಿಷ್ಟ್ಯ.

ಜೋಸೆಫೀನ್ ಬಟ್ಲರ್ ಮೊದಲಾದವರ ದೀರ್ಘ ಚಳವಳಿಯಿಂದಾಗಿ ಇಂಗ್ಲೆಂಡಿನಲ್ಲಿ ಇಂತಹ ಕಾಯಿದೆಗಳು 1886ರಲ್ಲಿ ರದ್ದಾದವು. ಭಾರತದ ಕಾಯಿದೆಯು 1888ರಲ್ಲಿ ರದ್ದಾಯಿತು. ಅಲ್ಲಿಂದ ಮುಂದೆ ಪರವಾನಗಿಯ ಭಾಷೆ ಹಿಂದೆ ಸರಿದು ನಿಷೇಧದ ಭಾಷೆ ಮುಂದೆ ಬಂದಿತು. ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಕಲ್ಕತ್ತೆಯಲ್ಲಿ 1923ರ, ಬಂಗಾಳ ಪ್ರಾಂತದಲ್ಲಿ 1933ರ ಅನೈತಿಕ ವ್ಯವಹಾರ ನಿಗ್ರಹ ಕಾಯಿದೆಗಳು ಬಂದವು. ಸ್ವತಂತ್ರ ಭಾರತದ 1956ರ ಕಾಯಿದೆ, 1986ರಲ್ಲಿ ತಿದ್ದುಪಡಿಯಾಗಿ ಹೊಸ ಹೆಸರು ಪಡೆದು, ಇಂದಿಗೂ ಜಾರಿಯಲ್ಲಿದೆ. ವಯಸ್ಕಳೊಬ್ಬಳು ಖಾಸಗಿಯಾಗಿ ಈ ವೃತ್ತಿಯನ್ನು ಮಾಡುವುದನ್ನೇ ಅದು ಅಪರಾಧವೆನ್ನುವುದಿಲ್ಲ. ಆದರೆ ವೇಶ್ಯಾಗೃಹ ನಡೆಸುವುದು, ಆಕೆಯ ಗಳಿಕೆಯಿಂದ ಬದುಕುವುದು, ಸಾರ್ವಜನಿಕವಾಗಿ ಕರೆಯುವುದು ಅಪರಾಧಗಳು. ಪರವಾನಗಿಯೂ ಇಲ್ಲ, ಪೂರ್ಣ ನಿಷೇಧವೂ ಇಲ್ಲವೆಂಬ ಈ ನಡುಸ್ಥಿತಿಯಲ್ಲಿ ಹೆಂಗಸಿನ ಭದ್ರತೆಯು ಠಾಣೆಯ ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯವಾಗುತ್ತದೆ.

ದೇಹದ ನಿಯಂತ್ರಣದ ಜೊತೆಜೊತೆಗೆ ಅಕ್ಷರದ ನಿಯಂತ್ರಣವೂ ಬೆಳೆಯಿತು. ನಂಜನಗೂಡಿನ ಸೀಮೆಯಲ್ಲಿ 1878ರಲ್ಲಿ ಜನಿಸಿದ, ದೇವದಾಸಿ ಮನೆತನದ ಬೆಂಗಳೂರು ನಾಗರತ್ನಮ್ಮನವರು ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಮರುವರ್ಷವೇ ಅದು ಅಶ್ಲೀಲವೆಂದು ನಿಷೇಧಕ್ಕೊಳಗಾಯಿತು. ನಿಷೇಧ ತೆರವಾದುದು 1947ರಲ್ಲಿ. ಆ ಅಶ್ಲೀಲತೆಯ ಕಾನೂನೇ ಇಂದು ಅಂತರಜಾಲಕ್ಕೆ ಹಬ್ಬಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ನೆಯ ಕಲಮು ಹಾಗೂ 2008ರಲ್ಲಿ ಸೇರಿದ 67ಎ ಕಲಮು, 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಮುಗಳು ಪ್ರಕಟಣೆಯನ್ನು ಶಿಕ್ಷಿಸುತ್ತವೆ. 2016ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಎಸ್ಕಾರ್ಟ್ ಸೇವೆಗಳ 240 ಜಾಲತಾಣಗಳನ್ನು ತಡೆಯಲು ಆದೇಶಿಸಿತು. ಚಿತ್ರ, ಬರೆಹ, ತಾಣಗಳನ್ನು ಕುರಿತು ಇಷ್ಟೆಲ್ಲ ವಿವರವಾಗಿ ಮಾತನಾಡುವ ಈ ಕಲಮುಗಳಲ್ಲಿ, ಅಲ್ಲಿ ದುಡಿಯುವವಳ ಕೂಲಿ, ಒಪ್ಪಿಗೆ, ಗೋಪ್ಯತೆಗಳಿಗೆ ಸ್ಥಾನವಿಲ್ಲ.

ಈ ಚರಿತ್ರೆಗೆ ತಿರುವು ದೊರೆತದ್ದೂ ಕೋಲ್ಕತ್ತದಲ್ಲಿಯೇ. ಸೋನಾಗಾಛಿಯಲ್ಲಿ 1992ರಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯ ಡಾ. ಸ್ಮರಜಿತ್ ಜಾನಾ ಅವರ ನೇತೃತ್ವದಲ್ಲಿ ಏಡ್ಸ್ ತಡೆಯ ಕಾರ್ಯಕ್ರಮವೊಂದು ಆರಂಭವಾಯಿತು. ಅದರ ವಿಷಯವೂ ಲಾಕ್ ಆಸ್ಪತ್ರೆಯ ವಿಷಯವೇ. ಆದರೆ ಇಲ್ಲಿ ಬಂಧನವಿರಲಿಲ್ಲ. ಆ ಸ್ತ್ರೀಯರೇ ತಮ್ಮವರಿಗೆ ಆರೋಗ್ಯದ ತಿಳಿವಳಿಕೆ ನೀಡುವವರಾದರು. 1995ರಲ್ಲಿ ದುರ್ಬಾರ್ ಮಹಿಳಾ ಸಮನ್ವಯ ಸಮಿತಿಯೂ ಉಷಾ ಸಹಕಾರ ಸಂಘವೂ ಹುಟ್ಟಿದವು. ಸಂಘದ ನೋಂದಣಿಯ ಸಂದರ್ಭದಲ್ಲಿ ತಮ್ಮನ್ನು ಗೃಹಿಣಿಯರೆಂದು ಬರೆಯಿಸಿಕೊಳ್ಳುವ ಸಲಹೆಯನ್ನು ಅವರು ಒಪ್ಪಲಿಲ್ಲ. ಹೇರಿದ ಹೆಸರನ್ನು 1869ರಲ್ಲಿ ನಿರಾಕರಿಸಿದವಳಿಗೂ, ಮರೆಮಾಚುವ ಹೆಸರನ್ನು 1995ರಲ್ಲಿ ನಿರಾಕರಿಸಿದವರಿಗೂ ನಿಲುವು ಒಂದೇ.

1999ರಲ್ಲಿ ಕಲ್ಕತ್ತೆಯಲ್ಲಿ ನಡೆದ ಲೈಂಗಿಕ ಕಾರ್ಯಕರ್ತೆಯೊಬ್ಬಳ ಕೊಲೆಯಿಂದ ಹುಟ್ಟಿದ ಬುದ್ಧದೇವ್ ಕರ್ಮಸ್ಕರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ಅಪೀಲನ್ನು ವಜಾಗೊಳಿಸಿ, ಈ ಸ್ತ್ರೀಯರ ಬದುಕಿನ ಪ್ರಶ್ನೆಯನ್ನು ತಾನಾಗಿಯೇ ಕೈಗೆತ್ತಿಕೊಂಡಿತು. 2022ರ ಮೇ 19ರ ಆದೇಶದಲ್ಲಿ, ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವ ವಯಸ್ಕರ ವಿಷಯದಲ್ಲಿ ಪೊಲೀಸರು ಮಧ್ಯೆ ಪ್ರವೇಶಿಸಬಾರದೆಂದಿತು. ವಾಸಸ್ಥಳದ ದಾಖಲೆಯಿಲ್ಲದವರಿಗೂ ಆಧಾರ್ ಕಾರ್ಡು ನೀಡಬೇಕು, ಆದರೆ ಆಕೆಯ ವೃತ್ತಿಯನ್ನು ಸೂಚಿಸುವ ಯಾವ ಗುರುತೂ ಅದರಲ್ಲಿ ಇರಕೂಡದು ಎಂದೂ ಆದೇಶಿಸಿತು. 1868ರ ಚೀಟಿಯು ಇದ್ದುದೇ ಆ ಗುರುತಿಗಾಗಿ ಎಂಬುದನ್ನು ಇಲ್ಲಿ ಸ್ಮರಿಸಬೇಕು.

ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರಿಗೆ ಕೋಲ್ಕತ್ತ, ದೆಹಲಿ, ಚೆನ್ನೈಗಳ ಪತ್ರಾಗಾರಗಳು ಹತ್ತಿರವಾಗಿವೆ. ಬೆಂಗಳೂರು, ಬಳ್ಳಾರಿಗಳ ದಂಡಿಗೆ ಸಂಬಂಧಿಸಿದ ಕಡತಗಳನ್ನು ಅಲ್ಲಿ ಅರಸುವ ಕೆಲಸ ಆಗಬೇಕಾಗಿದೆ. ಹಾಗೆ ಅರಸುವಾಗ ಒಂದು ಎಚ್ಚರ ಅಗತ್ಯ. ಪಟ್ಟಿಯಲ್ಲಿ ಕಾಣುವ ಹೆಸರು ಆಕೆಯ ವೃತ್ತಿಗೆ ಸಾಕ್ಷಿಯಲ್ಲ. ಆಕೆಯನ್ನು ಪಟ್ಟಿಗೆ ಸೇರಿಸಿದವನ ಅಧಿಕಾರಕ್ಕೆ ಮಾತ್ರ ಸಾಕ್ಷಿ. ಮಹಾಕೂಟದ ಕಂಬವನ್ನು ಓದುವ ಕ್ರಮದಲ್ಲಿಯೇ ಪೊಲೀಸರ ದಫ್ತರನ್ನು ಓದಿದರೆ, ಸುಖೀಮೋನೀ ನ್ಯಾಯಾಲಯದಲ್ಲಿ ಅಲ್ಲಗಳೆದುದನ್ನು ನಾವು ಸಂಶೋಧನೆಯ ಹೆಸರಿನಲ್ಲಿ ಮತ್ತೆ ಸ್ಥಾಪಿಸಿದಂತಾಗುತ್ತದೆ.